ಬಲಗೆನ್ನೆಯ ಬೆಲ್ಲ

ಮೇಲಿನ ದವಡೆಯ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬ ನಂಬಿಕೆಗೆ ನಮ್ಮ ವಂಶದಲ್ಲಿ ಸಾಕ್ಷಿಸಮೇತವಾದ ಒಂದು ಕಥೆಯಿದೆ. ಆ ಸಾಕ್ಷಿ ನನ್ನ ಓರಗಿತ್ತಿ, ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಗೌರಿಬಿದನೂರಿನ ನೆಂಟರ ಮದುವೆಯಿರಲಿ, ಚಿಂತಾಮಣಿಯವರ ನಾಮಕರಣವಿರಲಿ, ಊಟದ ಪಂಕ್ತಿಯಲ್ಲಿ ಯಾರಾದರೂ ಕೆನ್ನೆ ಹಿಡಿದು ಕುಳಿತರೆ ಸಾಕು, ಪಕ್ಕದವರು ಎಲೆಯಿಂದ ತಲೆಯೆತ್ತಿ, ‘ನಮ್ಮ ದೊಡ್ಡಮ್ಮನ ಕಥೆ ಗೊತ್ತಲ್ಲ, ಆಸ್ಪತ್ರೇಲಿ ಹಲ್ಲು ಕೀಳಿಸ್ಕೊಂಡ್ರು, ಕಣ್ಣು ಹೋಯ್ತು’ ಎನ್ನುತ್ತಾರೆ. ಕೆನ್ನೆ ಹಿಡಿದವರು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಿ ಮನೆಗೆ ಹೋದವರಲ್ಲಿ ಯಾರು ಏನು ಅನುಭವಿಸಿದರೋ ನನಗೆ ತಿಳಿಯದು. ಕಥೆ ಹೇಳುವವರಲ್ಲಿ ಒಬ್ಬರೂ ಆ ದಿನ ಆಸ್ಪತ್ರೆಯ ಆ ಕೋಣೆಯಲ್ಲಿ ಇರಲಿಲ್ಲ. ನಾನಿದ್ದೆ. ಹಲ್ಲು ಕಿತ್ತದ್ದು ನಿಜ, ಕಣ್ಣು ಹೋದದ್ದೂ ನಿಜ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಅದಲುಬದಲು ಮಾಡಿಬಿಟ್ಟರೆ ಎರಡು ನಿಜಗಳು ಸೇರಿ ಒಂದು ಸುಳ್ಳಾಗುತ್ತವೆ.

ಇಂಥದೇ ಇನ್ನೊಂದು ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಹಿಂದಿನವರ ಹಲ್ಲು ಗಟ್ಟಿ, ರಾಗಿ ತಿಂದು ಬೇವಿನಕಡ್ಡಿ ಜಗಿದು ಸಾಯುವ ತನಕ ಕಬ್ಬು ಸಿಗಿದವರು ಎಂದು. ನಾನು ಆ ಹಿಂದಿನವರ ನಡುವೆಯೇ ಬದುಕಿದವಳು. ರಾಗಿಮುದ್ದೆಯನ್ನು ಯಾರೂ ಜಗಿಯುವುದಿಲ್ಲ, ನುಂಗುತ್ತಾರೆ. ಹಲ್ಲಿಲ್ಲದವರೂ ಮರ್ಯಾದೆಯಿಂದ ಉಣ್ಣಬಹುದಾದ ಊಟ ಅದು. ನಲವತ್ತಕ್ಕೇ ಬಾಯಿ ಬೋಳಾದವರು ಆ ಮುದ್ದೆಯ ಹಿಂದೆ ಅಡಗಿಕೊಂಡಿದ್ದರು, ಅಷ್ಟೆ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಕ್ಷರ ಕಲಿತದ್ದು ದಿನಸಿ ಕಟ್ಟಿಕೊಟ್ಟ ಕಾಗದಗಳಿಂದ, ಅನಂತರ ಮನೆಯ ಮಕ್ಕಳ ಪಠ್ಯಪುಸ್ತಕಗಳಿಂದ. ತಡವಾಗಿ ಓದಲು ಕಲಿತವರಿಗೆ, ಓದಿದ್ದನ್ನೂ ಕೇಳಿದ್ದನ್ನೂ ಕಂಡದ್ದರೊಡನೆ ತಾಳೆ ನೋಡುವ ಚಾಳಿ ಬಿಡುವುದಿಲ್ಲ.

ಐವತ್ತರ ದಶಕದ ಆರಂಭದಲ್ಲಿ ನಾನು ಮದುವೆಯಾಗಿ ಬಂದಾಗ ಆ ಕುಟುಂಬ ಸಾದಲಿ ಕಡೆಯ ಹಳ್ಳಿಯಲ್ಲಿ ಹೊಲವನ್ನೂ ಹಿಪ್ಪುನೇರಳೆ ತೋಟವನ್ನೂ ಉಳಿಸಿಕೊಂಡೇ ಶಿಡ್ಲಘಟ್ಟದಲ್ಲಿ ಮನೆ ಮಾಡಿತ್ತು. ಹಿತ್ತಿಲ ಚಪ್ಪರದ ಕೆಳಗೆ ಒಂದು ಚರಕವಿತ್ತು. ರೇಷ್ಮೆಗೂಡನ್ನು ಬಿಚ್ಚಿ ನೂಲು ತೆಗೆಯುವ ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬಳು ಒಲೆಯ ಮೇಲಿನ ಬಾಣಲೆಯ ಮುಂದೆ ಕುಳಿತು, ಕುದಿಯುವ ನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿಗಳನ್ನು ಹುಡುಕಿ, ಎಂಟೋ ಹತ್ತೋ ಎಳೆಗಳನ್ನು ಒಂದುಗೂಡಿಸಿ ಕೊಡಬೇಕು. ಇನ್ನೊಬ್ಬಳು ದೊಡ್ಡ ಚಕ್ರವನ್ನು ತಿರುಗಿಸಿ ನೂಲು ಸುತ್ತಬೇಕು. ಬಾಣಲೆಯ ಮುಂದೆ ಕೂರುತ್ತಿದ್ದವಳು ನನ್ನ ಓರಗಿತ್ತಿ. ನಾನವಳನ್ನು ಅಕ್ಕ ಎನ್ನುತ್ತಿದ್ದೆ. ಚಕ್ರ ನನ್ನದು. ಗೂಡಿನ ಎಳೆ ಕೂದಲಿಗಿಂತ ಸಣ್ಣದು, ಹಬೆಯ ನಡುವೆ ನನ್ನ ಕಣ್ಣಿಗೆ ಕಂಡದ್ದೇ ಅಪರೂಪ. ಅಕ್ಕನಿಗೆ ಮಾತ್ರ ಯಾವ ಗೂಡಿನ ಎಳೆ ಮುಗಿಯುತ್ತ ಬಂತು ಎಂಬುದು ಅದು ಮುಗಿಯುವ ಮುನ್ನವೇ ಕಾಣುತ್ತಿತ್ತು. ನೂಲು ಕೊಳ್ಳಲು ಬಂದವರು ಎಳೆಯನ್ನು ಬೆಳಕಿಗೆ ಹಿಡಿದು, ಇದು ದೊಡ್ಡ ಸೊಸೆಯ ನೂಲು ಎಂದು ಕೇಳದೆಯೇ ಹೇಳುತ್ತಿದ್ದರು. ಆ ಮನೆಯಲ್ಲಿ ಅವಳಿಗಿದ್ದ ಗೌರವವೆಲ್ಲ ಅವಳ ಕಣ್ಣಿನಿಂದ ಬಂದದ್ದು, ಅದು ಅವಳಿಗೂ ಗೊತ್ತಿತ್ತು.

ಬೆಂದ ಹುಳದ ವಾಸನೆಯನ್ನು ಮೂಸದವರಿಗೆ ಅದನ್ನು ವಿವರಿಸಲಾರೆ. ಅದು ಮೂಗಿನಲ್ಲಿ ನಿಲ್ಲುವುದಿಲ್ಲ, ನಾಲಿಗೆಗೆ ಇಳಿಯುತ್ತದೆ. ಅದಕ್ಕಾಗಿ ನಮ್ಮ ಬೀದಿಯ ಚರಕದ ಮನೆಗಳಲ್ಲೆಲ್ಲ ಒಂದು ರೂಢಿಯಿತ್ತು. ಬಾಣಲೆಯ ಮುಂದೆ ಕೂತವಳು ಬೆಳಗಿನಿಂದ ಸಂಜೆಯವರೆಗೆ ಕೆನ್ನೆಯೊಳಗೆ ಒಂದು ಚೂರು ಬೆಲ್ಲ ಇಟ್ಟುಕೊಳ್ಳಬೇಕು. ಕರಗಿದರೆ ಇನ್ನೊಂದು. ಅವಳ ಕೈಗಳು ಹುಳದ ನೀರಿನಲ್ಲಿ ನೆನೆದಿರುವುದರಿಂದ ತಾನೇ ಬಾಯಿಗೆ ಹಾಕಿಕೊಳ್ಳುವಂತಿಲ್ಲ. ಚಕ್ರ ತಿರುಗಿಸುವವಳ ಕೈ ಒಣಗಿದ್ದು, ಅವಳೇ ಹಾಕಬೇಕು. ಮೊದಲ ದಿನ ನನಗದು ತಿಳಿಯದೆ ಸುಮ್ಮನೆ ಕುಳಿತಿದ್ದೆ.

‘ಬೆಲ್ಲ ಬಾಯಲ್ಲಿದ್ರೆ ಹಬೆ ಎದೇಗಿಳಿಯಲ್ಲ ಕಣಮ್ಮ. ನಿಮ್ಮವ್ವ ಇದೆಲ್ಲ ಹೇಳ್ಕೊಟ್ಟಿಲ್ವಾ?’ ಎಂದರು ಅತ್ತೆ.

‘ಅವಳವ್ವನ ಮನೇಲಿ ಹುಳ ಇರಲಿಲ್ಲ ಅತ್ತೆ, ಬರೀ ಜನ ಇದ್ರು’ ಎಂದಳು ಅಕ್ಕ, ಬಾಣಲೆಯಿಂದ ಕಣ್ಣು ತೆಗೆಯದೆ.

ಅಂದಿನಿಂದ ಎಳೆ ಕಡಿದು ಚಕ್ರ ನಿಂತಾಗಲೆಲ್ಲ ನಾನು ಬಗ್ಗಿ ಅವಳ ಬಾಯಿಗೆ ಬೆಲ್ಲ ಹಾಕುತ್ತಿದ್ದೆ. ಚಕ್ರದ ಹಿಡಿ ಅವಳ ಬಲಕ್ಕೆ ಇದ್ದುದರಿಂದ ನನ್ನ ಕೈ ತಲುಪುತ್ತಿದ್ದದ್ದು ಬಲಗೆನ್ನೆಗೆ. ‘ಗುಬ್ಬಚ್ಚಿ ಮರಿಗೆ ಕೊಟ್ಟಂಗೆ ಕೊಡ್ತಿಯಲ್ಲೇ, ಇನ್ನೊಂದ್ಚೂರು ದೊಡ್ಡದು ಹಾಕು’ ಎನ್ನುತ್ತಿದ್ದಳು. ನಾನು ದೊಡ್ಡದೇ ಹಾಕುತ್ತಿದ್ದೆ. ನಾಲ್ಕು ವರ್ಷ ಹಾಕಿದೆ.

ಬೆಲ್ಲದ ಮೇಲೆ ಯಾರೂ ಅನುಮಾನಪಡದಿರಲು ಕಾರಣ ನಮ್ಮ ಅತ್ತೆಯೇ. ಸಿಹಿ ತಿನ್ನುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಹಬ್ಬದ ಊಟಕ್ಕೆ ಕೂತರೆ ಆರು ಹೋಳಿಗೆ, ಜೊತೆಗೆ ಬೆಲ್ಲದ ಪಾಯಸ. ಆದರೆ ಎಲೆಯಿಂದ ಎದ್ದರೆ ಬಾಯಿ ಮುಕ್ಕಳಿಸಿ ಉಗಿದು, ಮತ್ತೆ ಮುಂದಿನ ಊಟದವರೆಗೆ ನೀರು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಅವರ ಮೂವತ್ತೆರಡು ಹಲ್ಲೂ ಇದ್ದವು. ‘ನಾನೂ ಬೆಲ್ಲ ತಿಂದೋಳೇ’ ಎಂದು ಅವರು ಬಾಯಿ ತೆರೆದು ತೋರಿಸಿದರೆ ವಾದ ಮುಗಿಯುತ್ತಿತ್ತು. ಎಷ್ಟು ತಿಂದಳು ಎಂದು ಎಲ್ಲರೂ ಕೇಳಿದರು. ಎಷ್ಟು ಹೊತ್ತು ಬಾಯಲ್ಲಿತ್ತು ಎಂದು ನನ್ನನ್ನೂ ಸೇರಿಸಿ ಯಾರೂ ಕೇಳಲಿಲ್ಲ.

ಸೂಚನೆಗಳು ಇದ್ದವು. ಅಕ್ಕ ಹಲ್ಲುಜ್ಜಿ ಬಿಸುಟ ಬೇವಿನಕಡ್ಡಿಯ ತುದಿ ಕೆಂಪಗಿರುತ್ತಿತ್ತು. ಬಲಗಡೆಯ ಒಸಡು ಊದಿ ಹಲ್ಲಿನ ಬುಡವನ್ನು ಬಿಟ್ಟು ಹಿಂದೆ ಸರಿದಿತ್ತು. ಮೇಲಿನ ದವಡೆಹಲ್ಲೊಂದರಲ್ಲಿ ಎಳ್ಳುಕಾಳಿನಷ್ಟು ಕಪ್ಪು ಕಂಡು, ಮರುವರ್ಷ ಅದು ಉದ್ದಿನಕಾಳಿನಷ್ಟಾಯಿತು. ಬೇರೆ ಮನೆಯಾಗಿದ್ದರೆ ಕೊಳೆತ ಹಲ್ಲಿನ ವಾಸನೆಯಾದರೂ ಎಚ್ಚರಿಸುತ್ತಿತ್ತು. ನಮ್ಮ ಮನೆಯಲ್ಲಿ ಗೋಡೆ, ಬಟ್ಟೆ, ಅನ್ನ, ಎಲ್ಲವೂ ಹುಳದ ವಾಸನೆಯವೇ. ಒಂದು ಬಾಯಿಯ ದುರ್ಗಂಧ ಅದರಲ್ಲಿ ಬೇರೆಯಾಗಿ ತಿಳಿಯಲಿಲ್ಲ. ತಣ್ಣೀರು ತಾಗಿದರೆ ಅವಳು ಕಣ್ಣು ಮುಚ್ಚುತ್ತಿದ್ದಳು. ನೋವಾದಾಗ ಬೆಲ್ಲವನ್ನು ಇನ್ನಷ್ಟು ಒತ್ತಿಟ್ಟುಕೊಳ್ಳುತ್ತಿದ್ದಳು, ಅದು ಸ್ವಲ್ಪ ಹೊತ್ತು ಸಮಾಧಾನ ಕೊಡುತ್ತಿತ್ತಂತೆ.

ಹಲ್ಲು ನಿಜವಾಗಿ ಹಿಡಿದುಕೊಂಡದ್ದು ಒಂದು ಬೇಸಿಗೆಯಲ್ಲಿ, ಗೂಡು ರಾಶಿಬಿದ್ದಿದ್ದ ಸಮಯ. ಮೂರನೆಯ ದಿನ ಚಿಂತಾಮಣಿ ಕಡೆಯಿಂದ ಹಲ್ಲಿನ ಹುಳ ತೆಗೆಯುವ ಹೆಂಗಸೊಬ್ಬಳನ್ನು ಕರೆಸಿದರು. ಅವಳು ಕಾದ ಕಬ್ಬಿಣದ ಮೇಲೆ ಯಾವುದೋ ಬೀಜಗಳನ್ನು ಎಣ್ಣೆಯೊಡನೆ ಸುಟ್ಟು, ಆ ಹೊಗೆಯನ್ನು ಕೊಳವೆಯಿಂದ ಅಕ್ಕನ ಬಾಯಿಗೆ ಹಿಡಿಸಿ, ಕೆಳಗಿದ್ದ ನೀರಿನ ಬಟ್ಟಲನ್ನು ನಮಗೆ ತೋರಿಸಿದಳು. ಬಿಳಿಯ ಸಣ್ಣ ಸಣ್ಣ ತುಣುಕುಗಳು ತೇಲುತ್ತಿದ್ದವು.

‘ಇದಿಗೋ ಚೂಡಮ್ಮಾ, ಪುರುಗು. ಏಳು ಹುಳ ಬಿದ್ದವೆ’ ಎಂದಳು, ತೆಲುಗು ಬೆರೆಸಿ.

ಹುಳವೆಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವವರೆಗೆ ಹುಳ ಸಾಕಿದ ಮನೆ ಅದು. ನಾನು ಬಟ್ಟಲಿಗೆ ಬಗ್ಗಿ, ‘ಇದಕ್ಕೆ ತಲೆ ಎಲ್ಲಿದೆ?’ ಎಂದು ಕೇಳಿದೆ.

‘ಹಲ್ಲಿನ ಹುಳಕ್ಕೆ ತಲೆ ಇರಲ್ಲಮ್ಮಾ. ಬಾಯೊಂದೇ ಇರೋದು, ನಿನ್ನಂಗೆ.’

ಎಲ್ಲರೂ ನಕ್ಕರು, ಅಕ್ಕನೂ ಕೆನ್ನೆ ಹಿಡಿದುಕೊಂಡೇ ನಕ್ಕಳು. ಆ ಹೆಂಗಸು ಹೋದ ಮೇಲೆ ನೆಲದ ಮೇಲೆ ಚೆಲ್ಲಿದ್ದ ಬೀಜಗಳನ್ನು ಆಯ್ದು, ಅದೇ ಕಬ್ಬಿಣವನ್ನು ಕಾಯಿಸಿ, ಯಾರ ಬಾಯಿಯೂ ಹತ್ತಿರವಿಲ್ಲದಂತೆ ನೀರಿನ ಮೇಲೆ ಹೊಗೆ ಹಾಕಿದೆ. ನನಗೆ ಒಂಬತ್ತು ಹುಳ ಬಿದ್ದವು. ಬೀಜ ಬಿಸಿಗೆ ಬಿರಿದಾಗ ಅದರೊಳಗಿನ ಮೊಳಕೆ ಹೊರಗೆ ಸಿಡಿಯುತ್ತಿತ್ತು, ಅಷ್ಟೆ. ಬಟ್ಟಲನ್ನು ಅತ್ತೆಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ‘ಒಲೇಲೂ ಹುಳ ಇತ್ತೇನೋ’ ಎಂದರು.

ಐದನೆಯ ದಿನ ಕೆನ್ನೆ ಊದಿತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹಲ್ಲು ಕೀಳಿಸೋಣ ಎಂದು ನಾನೇ ಮೊದಲು ಹೇಳಿದೆ. ಆ ಮನೆಯಲ್ಲಿ ಚಿಕ್ಕ ಸೊಸೆ ಮೊದಲು ಮಾತಾಡುವ ಪದ್ಧತಿ ಇರಲಿಲ್ಲ. ಅತ್ತೆ ಸಿಟ್ಟಾಗಲಿಲ್ಲ, ಮಗುವಿಗೆ ಹೇಳುವಂತೆ ಹೇಳಿದರು:

‘ಕೆಳಗಿನ ಹಲ್ಲಾಗಿದ್ರೆ ನಾನೇ ಕಳಿಸ್ತಿದ್ದೆ ಕಣಮ್ಮ. ಮೇಲಿನ ಹಲ್ಲಿನ ಬೇರು ಕಣ್ಣಿಗೆ ಕಟ್ಕೊಂಡಿರ್ತದೆ. ಕಿತ್ರೆ ಕಣ್ಣೂ ಹಿಂದೇನೇ ಬರ್ತದೆ. ಬಾಣಲೆ ಮುಂದೆ ಕೂರೋಳಿಗೆ ಕಣ್ಣು ಬೇಡ್ವಾ?’

ಭಾವನವರು, ಅಮ್ಮ ಹೇಳಿದ ಮೇಲೆ ಮುಗಿಯಿತು ಎಂಬಂತೆ ಎದ್ದುಹೋದರು. ಸಂತೆಯಲ್ಲಿ ಇಕ್ಕಳ ಹಿಡಿದು ಕೂರುತ್ತಿದ್ದ ಹಲ್ಲು ಕೀಳುವವನನ್ನು ನನ್ನ ಗಂಡ ವಿಚಾರಿಸಿ ಬಂದರು. ಅವನೂ ಕೆಳಗಿನದಾದರೆ ಈಗಲೇ, ಮೇಲಿನದಾದರೆ ಮುಟ್ಟುವುದಿಲ್ಲ ಎಂದನಂತೆ. ಕೊನೆಗೆ ಅಕ್ಕನೇ ನನ್ನನ್ನು ಹತ್ತಿರ ಕರೆದು, ‘ಹಲ್ಲುನೋವು ತಡ್ಕೋತೀನಿ ಕಣೇ. ಕಣ್ಣು ಹೋದ್ರೆ ನಾನೇನು ಮಾಡ್ಲಿ, ನೀನೇ ಹೇಳು’ ಎಂದಳು. ನನಗಾಗ ತಿಳಿದಿದ್ದುದು ಬೀಜದ ವಿಷಯ ಮಾತ್ರ. ಹಲ್ಲಿನ ಬೇರು ಎಲ್ಲಿಗೆ ಕಟ್ಟಿಕೊಂಡಿದೆ ಎಂಬುದನ್ನು ಸುಟ್ಟು ನೋಡುವಂತಿರಲಿಲ್ಲ.

ಏಳನೆಯ ದಿನ ಊತ ಮೇಲಕ್ಕೇರಿ ಬಲಗಣ್ಣಿನ ರೆಪ್ಪೆ ಮುಚ್ಚಿಕೊಂಡಿತು. ಎಂಟನೆಯ ದಿನ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಮುಂದಕ್ಕೆ ತಳ್ಳಿದಂತೆ ಉಬ್ಬಿತು. ಹಲ್ಲನ್ನು ಇನ್ನೂ ಯಾರೂ ಮುಟ್ಟಿರಲಿಲ್ಲ, ಆದ್ದರಿಂದ ಕಣ್ಣಿಗೆ ಅಪಾಯವಿಲ್ಲ ಎಂದು ಮನೆಯವರು ಧೈರ್ಯವಾಗಿದ್ದರು. ಒಂಬತ್ತನೆಯ ದಿನ ಬೆಳಿಗ್ಗೆ ಭಾವನವರು ಒಳಗೆ ಬಂದಾಗ ಅಕ್ಕ ಜ್ವರದಲ್ಲಿ ಕಂಬಳಿಯ ಮೇಲೆ ಬೆರಳಾಡಿಸುತ್ತಿದ್ದಳು. ಇಲ್ಲದ ಎಳೆಯ ತುದಿಯನ್ನು ಹಿಡಿದು, ಎತ್ತಿ, ಇಲ್ಲದ ನೂಲಿಗೆ ಸೇರಿಸುತ್ತಿದ್ದಳು. ಅವರು ಬಾಗಿಲಲ್ಲೇ ನಿಂತು ಅದನ್ನು ನೋಡಿದರು. ‘ಬಸ್ಸಿಗೆ ಹೋಗಣ’ ಎಂದರು. ಹೆಂಗಸೊಬ್ಬಳು ಜೊತೆಗಿರಲಿ ಎಂದು ನಾನು ಹೊರಟೆ.

ಅತ್ತೆ ಜಗಲಿಯವರೆಗೆ ಬಂದು, ‘ಜ್ವರಕ್ಕೆ ಔಷಧಿ ತನ್ನಿ. ಹಲ್ಲು ಮಾತ್ರ ಮುಟ್ಟಿಸ್ಬೇಡಿ’ ಎಂದರು.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಭಾವನವರನ್ನು ಔಷಧಿಗೆ ಸೀಸೆ ತರಲು ಅಂಗಡಿಗೆ ಕಳಿಸಿದರು. ಆಗೆಲ್ಲ ಸೀಸೆ ನಮ್ಮದೇ ಇರಬೇಕಿತ್ತು. ಹೀಗಾಗಿ ಕೋಣೆಯಲ್ಲಿ ಉಳಿದದ್ದು ಡಾಕ್ಟರು, ಮಲಗಿದ ಅಕ್ಕ ಮತ್ತು ನಾನು. ಎಷ್ಟು ದಿನವಾಯಿತು ಎಂದು ಕೇಳಿದರು. ಒಂಬತ್ತು ಎಂದೆ. ಅವರು ಅಕ್ಕನ ಎಡಗಣ್ಣನ್ನು ಒಂದು ಅಂಗೈಯಿಂದ ಮುಚ್ಚಿ, ಬಲಗಣ್ಣಿನ ಊದಿದ ರೆಪ್ಪೆಯನ್ನು ಬೆರಳುಗಳಿಂದ ಬಿಡಿಸಿ, ನನ್ನ ಕೈಗೆ ಬ್ಯಾಟರಿ ಕೊಟ್ಟು ಹತ್ತಿರದಿಂದ ಬೆಳಕು ಬಿಡಲು ಹೇಳಿದರು. ಹೊರಗೆ ನಡುಹಗಲು, ಕಿಟಕಿ ತೆರೆದಿತ್ತು.

‘ಏನಾದ್ರೂ ಕಾಣ್ತದೇನಮ್ಮ?’

‘ದೀಪ ಯಾಕೆ ಆರಿಸಿದ್ರಿ?’ ಎಂದಳು ಅಕ್ಕ.

ಅವರು ನನ್ನ ಕೈಯನ್ನು ಹಿಡಿದು ಬ್ಯಾಟರಿಯನ್ನು ಇನ್ನೂ ಹತ್ತಿರಕ್ಕೆ ತಂದರು. ‘ಯಾರಾದ್ರೂ ದೀಪ ಹಚ್ಚಿ’ ಎಂದಳು.

ಆಗ ಹಲ್ಲು ಇನ್ನೂ ಅವಳ ಬಾಯಲ್ಲೇ ಇತ್ತು. ಇಕ್ಕಳ ಬಟ್ಟೆಯ ಮೇಲೆ ಒಣಗಿಯೇ ಇತ್ತು. ನಾನು ಬರೆಯಬೇಕೆಂದು ಇಷ್ಟು ವರ್ಷ ಅಂದುಕೊಂಡದ್ದು ಮುಖ್ಯವಾಗಿ ಈ ಎರಡು ವಾಕ್ಯಗಳನ್ನು.

ಅನಂತರ ಹಲ್ಲು ಕಿತ್ತರು, ಅದರ ಹಿಂದೆ ಬಂದ ಕೀವಿಗೆ ಬಟ್ಟಲು ಸಾಲದಾಯಿತು. ಕೈ ತೊಳೆಯುತ್ತ ಡಾಕ್ಟರು, ‘ಜೀವ ಉಳೀಬಹುದು. ಕಣ್ಣಿನ ಆಸೆ ಬಿಡಿ. ಊತ ಶುರುವಾದಾಗಲೇ ಈ ಹಲ್ಲು ಕೀಳಿಸಿದ್ದಿದ್ರೆ ಕಣ್ಣು ಉಳೀತಿತ್ತು’ ಎಂದರು. ಆಮೇಲೆ, ‘ಒಂದೇ ಪಕ್ಕ ಇಷ್ಟು ಹಾಳಾಗಿದೆಯಲ್ಲ, ಬಾಯಲ್ಲಿ ಏನಿಟ್ಕೊಳ್ತಾರೆ ಇವರು?’ ಎಂದು ಕೇಳಿದರು. ಬೆಲ್ಲ ಎಂದೆ. ಎಷ್ಟು ಹೊತ್ತು ಎಂದರು. ಬೆಳಗಿನಿಂದ ಸಂಜೆಯವರೆಗೆ ಎಂದೆ. ‘ತಿಂದು ಬಾಯಿ ತೊಳೆದ್ರೆ ಹಲ್ಲಿಗೆ ಒಂದಿಷ್ಟು ಬಿಡುವು ಸಿಗ್ತದಮ್ಮ. ನೀವು ಬಿಡುವೇ ಕೊಟ್ಟಿಲ್ಲ’ ಎಂದರು. ಯಾರು ಹಾಕುತ್ತಿದ್ದರು ಎಂದು ಅವರು ಕೇಳಲಿಲ್ಲ. ಭಾವನವರು ಸೀಸೆ ಹಿಡಿದು ಬಂದಾಗ ಎಲ್ಲ ಮುಗಿದಿತ್ತು.

ಎರಡು ವಾರದ ಮೇಲೆ ಊತ ಇಳಿದು ರೆಪ್ಪೆ ತಾನಾಗಿ ತೆರೆಯಿತು. ಕಣ್ಣು ಅಲ್ಲೇ ಇತ್ತು, ನೋಟವಿರಲಿಲ್ಲ. ಮನೆಗೆ ಬಂದ ದಿನ ಅತ್ತೆ ಅವಳ ಮುಖವನ್ನು ಎರಡೂ ಕೈಗಳಿಂದ ಹಿಡಿದು, ‘ಬಡ್ಕೊಂಡೆನಲ್ಲ, ಹಲ್ಲು ಮುಟ್ಟಿಸ್ಬೇಡಿ ಅಂತ’ ಎಂದು ಅತ್ತರು. ಆ ಅಳು ನಿಜವಾದದ್ದು.

‘ಹೌದು ಅತ್ತೆ, ನೀವು ಹೇಳಿದ್ರಿ. ಕೀಳೋವರೆಗೂ ನನ್ ಕಣ್ಣು ಬರೀ ಮುಚ್ಕೊಂಡಿತ್ತು, ಅಷ್ಟೆ’ ಎಂದಳು ಅಕ್ಕ.

ನಾನು ಅಕ್ಕನ ಹಾಸಿಗೆ ಬಿಡಿಸಲು ಒಳಗೆ ಹೋದೆ. ನಡೆದ ಕ್ರಮವನ್ನು ಹೇಳಿದರೆ ಕಣ್ಣು ಕಳೆದವರು ಅತ್ತೆ ಎಂದಾಗುತ್ತಿತ್ತು; ಆ ಮನೆಯಲ್ಲಿ ಆ ಮಾತನ್ನು ಆಡಿ ಉಳಿಯುವ ಶಕ್ತಿ ನನಗಿರಲಿಲ್ಲ. ಇದು ನಾನು ಎಲ್ಲರಿಗೂ ಒಪ್ಪಿಸಬಹುದಾದ ಕಾರಣ. ಇನ್ನೊಂದು ಕಾರಣವಿತ್ತು. ಕ್ರಮವನ್ನು ಹೇಳಲು ತೊಡಗಿದರೆ ಒಂಬತ್ತು ದಿನದ ಹಿಂದಕ್ಕೆ ಹೋಗಿ ನಿಲ್ಲುವಂತಿರಲಿಲ್ಲ, ನಾಲ್ಕು ವರ್ಷದ ಹಿಂದಕ್ಕೂ ಹೋಗಬೇಕಾಗುತ್ತಿತ್ತು. ಆ ಮೊದಲಲ್ಲಿ ಇದ್ದದ್ದು ನನ್ನ ಕೈ. ಹೀಗೆ, ಕಂಡದ್ದನ್ನೇ ನಂಬುವವಳು ಎಂಬ ಹೆಮ್ಮೆಯಿದ್ದ ನಾನು, ಕಂಡದ್ದನ್ನು ನುಂಗಿ ಕಥೆಯನ್ನು ಬೆಳೆಯಲು ಬಿಟ್ಟೆ.

ಒಂದೇ ಕಣ್ಣಿನಿಂದ ಹಬೆಯೊಳಗಿನ ಎಳೆಯ ದೂರ ಅಂದಾಜಿಗೆ ಸಿಗುವುದಿಲ್ಲ. ಅಕ್ಕ ಎರಡು ತಿಂಗಳು ಪ್ರಯತ್ನಿಸಿ, ಎರಡೂ ಕೈ ಸುಟ್ಟುಕೊಂಡು, ಒಂದು ಬೆಳಿಗ್ಗೆ ಏನೂ ಹೇಳದೆ ಚಕ್ರದ ಹತ್ತಿರ ಹೋಗಿ ಕುಳಿತಳು. ನಾನು ಬಾಣಲೆಯ ಮುಂದಕ್ಕೆ ಬಂದೆ. ನನ್ನ ನೂಲು ಒರಟು. ಕೊಳ್ಳುವವರು ಬೆಳಕಿಗೆ ಹಿಡಿದು ಸುಮ್ಮನೆ ಕೆಳಗಿಡುತ್ತಿದ್ದರು. ಮೊದಲ ಸಲ ಎಳೆ ಕಡಿದಾಗ ಅವಳ ಒಣಗಿದ ಕೈ ನನ್ನ ಬಾಯಿಯ ಹತ್ತಿರ ಬಂತು.

‘ಬಾಯಿ ತೆಗಿಯೇ.’

‘ಬೇಡಕ್ಕ.’

‘ಒಕ್ಕಣ್ಣಿ ಕೈಯಿಂದ ತಿಂದ್ರೆ ದೋಷಾನಾ?’

ಯಾಕೆ ಬೇಡ ಎಂದು ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕಿತ್ತು. ಬಾಯಿ ತೆರೆದೆ. ಮುಂದಿನ ಹತ್ತು ವರ್ಷಗಳಲ್ಲಿ ಬಲಗಡೆಯ ನನ್ನ ಮೂರು ಹಲ್ಲು ಹೋದವು. ಎರಡು ಕೆಳಗಿನವು, ಅವನ್ನು ಸಂತೆಯವನು ಸಂತೋಷದಿಂದ ಕಿತ್ತ. ಒಂದು ಮೇಲಿನದು, ಒಸಡು ಸವೆದು ಮುದ್ದೆಯೊಡನೆ ತಾನೇ ಬಂತು. ಈ ನಡುವೆ ಬೀದಿಯ ಬೇರೆ ಚರಕದ ಮನೆಗಳಿಗೆ ಏನಾದರೂ ನೆಪದಲ್ಲಿ ಹೋಗಿ ನೋಡುತ್ತಿದ್ದೆ. ಚಕ್ರದ ಹಿಡಿ ಎಡಕ್ಕಿದ್ದ ಮನೆಯವಳ ಎಡಗೆನ್ನೆ ಒಳಸರಿದಿರುತ್ತಿತ್ತು, ಬಲಕ್ಕಿದ್ದ ಮನೆಯವಳ ಬಲಗೆನ್ನೆ. ಹಬೆಯಿಂದ ಹಲ್ಲು ಹಾಳಾಗುತ್ತದೆ ಎಂದು ಅವರೆಲ್ಲ ನಂಬಿದ್ದರು. ಹಬೆಗೆ ಎಡಬಲ ಗೊತ್ತಿಲ್ಲ.

ಅಕ್ಕನಿಗೆ ಒಬ್ಬಳೇ ಮಗಳು. ತಾಯಿಯ ಕಣ್ಣು ಹೋದಾಗ ನಾಲ್ಕು ವರ್ಷದವಳು, ಅರವತ್ತರ ದಶಕದ ನಡುವಿಗೆ ಹದಿಮೂರಾಯಿತು. ಕುದಿಯುವ ನೀರಿನಿಂದ ನನ್ನ ಬೆರಳುಗಳು ಹುಣ್ಣಾಗಿ ಬಾಣಲೆಗೆ ಕೈಯಿಡಲಾಗದ ಒಂದು ಮಳೆಗಾಲದಲ್ಲಿ ಅವಳು ಬಂದು ನನ್ನ ಜಾಗದಲ್ಲಿ ಕುಳಿತಳು. ಅವಳ ಕಣ್ಣು ತಾಯಿಯದೇ. ವಾರದೊಳಗೆ, ಮುಗಿಯಲಿರುವ ಎಳೆಯನ್ನು ಮುಗಿಯುವ ಮುನ್ನ ಕಾಣತೊಡಗಿದಳು. ಅಕ್ಕ ಚಕ್ರ ತಿರುಗಿಸುತ್ತ ಹಾಡಿದ್ದನ್ನು ನಾನು ಕೇಳಿದ್ದು ಆಗ ಮಾತ್ರ. ಎಳೆ ಕಡಿದಾಗ ಚಕ್ರ ನಿಲ್ಲುತ್ತಿತ್ತು, ಅಕ್ಕನ ಕೈ ಮಗಳ ಬಲಗೆನ್ನೆಗೆ ಹೋಗುತ್ತಿತ್ತು. ಅದೇ ಮಣೆಯ ಮೇಲೆ ಮೂರನೆಯ ಬಾಯಿ. ಒಂದೆರಡು ಸಲ, ‘ಮಗೂಗೆ ಅಷ್ಟು ಬೆಲ್ಲ ಬೇಡ’ ಎಂದೆ. ‘ನಿನ್ ಗಂಡನ ಮನೇದು ಖಾಲಿಯಾಗ್ತದಾ?’ ಎಂದು ನಕ್ಕಳು. ಅದಕ್ಕಿಂತ ಮುಂದೆ ಹೋಗಲಿಲ್ಲ. ಬೆರಳು ವಾಸಿಯಾದ ಮೇಲೂ ಹುಡುಗಿ ಮಣೆ ಬಿಡಲಿಲ್ಲ. ಅವಳ ನೂಲು ನನ್ನದಕ್ಕಿಂತ ಚೆನ್ನಾಗಿತ್ತು, ಯಾರೂ ನನ್ನನ್ನು ಮತ್ತೆ ಕೂರು ಎನ್ನಲಿಲ್ಲ.

ಎರಡು ವರ್ಷಗಳ ಮೇಲೆ ಅವಳಿಗೆ ಹಲ್ಲುನೋವು ಬಂತು. ಬಲಗಡೆ, ಮೇಲಿನದು. ನಾಲ್ಕನೆಯ ದಿನ ಬೆಳಿಗ್ಗೆ ಕೆನ್ನೆ ಹೊಳೆಯುವಂತೆ ಬಿಗಿದಿತ್ತು. ಅಕ್ಕ ಲವಂಗ ಅರೆಯುತ್ತಿದ್ದಳು. ಅತ್ತೆ ಮೂಲೆಯಲ್ಲಿ ಕೂತು, ಎಪ್ಪತ್ತು ದಾಟಿದ ಆ ಹಲ್ಲುಗಳಿಂದ ಹುರಿಗಾಳು ಅಗಿಯುತ್ತಿದ್ದರು.

‘ಇವತ್ತೇ ಚಿಕ್ಕಬಳ್ಳಾಪುರಕ್ಕೆ ಕರ್ಕೊಂಡು ಹೋಗಣ ಅಕ್ಕ’ ಎಂದೆ.

‘ಹೋಗಣ. ಹಲ್ಲು ಮಾತ್ರ ಕೀಳಿಸಲ್ಲ.’

‘ಕೀಳಿಸ್ಲೇಬೇಕು.’

‘ನನ್ ಮುಖ ನೋಡ್ಕೊಂಡು ಆ ಮಾತಾಡ್ತಿಯಲ್ಲೇ.’

‘ನಿನ್ ಮುಖ ನೋಡ್ಕೊಂಡೇ ಆಡ್ತಿದೀನಿ. ಆವತ್ತು ಡಾಕ್ಟ್ರು ನಿನ್ನ ಹಲ್ಲಿಗೆ ಇಕ್ಕಳ ಹಾಕೋಕೆ ಮುಂಚೆ ಕಣ್ಣು ಬಿಡಿಸಿ ನೋಡಿದ್ರು. ಬ್ಯಾಟ್ರಿ ನನ್ ಕೈಲಿತ್ತು. ದೀಪ ಯಾಕೆ ಆರಿಸಿದ್ರಿ ಅಂತ ನೀನು ಕೇಳ್ದೆ. ಹಲ್ಲು ಇನ್ನೂ ಬಾಯಲ್ಲಿತ್ತು.’

‘ನಂಗೆ ಗ್ಯಾನ ಇಲ್ಲ.’

‘ನಿಂಗೆ ಜ್ವರ ಇತ್ತು. ನಂಗಿರಲಿಲ್ಲ.’

ಅವಳ ಕೈ ಅರೆಯುವ ಕಲ್ಲಿನ ಮೇಲೆ ನಿಂತಿತು. ‘ಹನ್ನೊಂದು ವರ್ಷ ಎಲ್ಲಿಟ್ಟಿದ್ದೆ ಈ ಮಾತ?’ ಎಂದಳು.

ನಾನು ಮೂಲೆಯ ಕಡೆ ನೋಡಲಿಲ್ಲ. ನೋಡಬೇಕಾಗಲೂ ಇಲ್ಲ, ಅಗಿಯುವ ಸದ್ದು ನಿಂತಿತ್ತು. ‘ಅವಳನ್ನ ಯಾಕೆ ಕೇಳ್ತೀಯ’ ಎಂದರು ಅತ್ತೆ. ‘ನಾನಿದ್ದೆನಲ್ಲ, ಅದಕ್ಕೆ ಹೇಳಲಿಲ್ಲ.’ ಆಮೇಲೆ ಗೋಡೆಯ ಕಡೆ ತಿರುಗಿಕೊಂಡು, ‘ಮಗೀನ ಕರ್ಕೊಂಡು ಹೋಗ್ರಿ’ ಎಂದರು.

ಅರ್ಧ ಹೇಳಿ ನಿಲ್ಲಿಸುವುದು ಮತ್ತೊಂದು ಸುಳ್ಳಾಗುತ್ತಿತ್ತು. ಬೆಲ್ಲದ ವಿಷಯವನ್ನೂ, ಡಾಕ್ಟರು ಬಿಡುವಿನ ಬಗ್ಗೆ ಹೇಳಿದ್ದನ್ನೂ, ಬೀದಿಯ ಮನೆಗಳ ಎಡಗೆನ್ನೆ ಬಲಗೆನ್ನೆಗಳನ್ನೂ ಹೇಳಿದೆ. ಅಕ್ಕ ತನ್ನ ಬಲಗೈಯನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಅದನ್ನೇ ನೋಡುತ್ತ ಕೇಳಿದಳು.

‘ಹಂಗಾದ್ರೆ ನೀನು ನಂಗೆ ಹಾಕ್ದೆ. ನಾನು ಇವಳಿಗೆ ಹಾಕ್ದೆ.’

‘ಹೂಂ.’

‘ನೀನು ಗೊತ್ತಿಲ್ದೆ ಹಾಕ್ದೆ. ನಾನು ಇವಳಿಗೆ ಹಾಕೋದನ್ನ ಗೊತ್ತಿದ್ದೂ ನೋಡ್ತಾ ಕೂತೆ ನೀನು.’

ಅಕ್ಕ ಎದ್ದು ಮಗಳ ತಲೆಗೆ ಬಟ್ಟೆ ಕಟ್ಟಿದಳು, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ದಾರಿಯುದ್ದಕ್ಕೂ ಹುಡುಗಿ ನಮ್ಮಿಬ್ಬರ ನಡುವೆ ಕುಳಿತಿದ್ದಳು, ಅಕ್ಕ ನನ್ನೊಡನೆ ಮಾತಾಡಲಿಲ್ಲ. ಅವಳ ಕುರುಡು ಕಣ್ಣು ನನ್ನ ಕಡೆಗಿತ್ತು.

ಆಸ್ಪತ್ರೆಯಲ್ಲಿ ಈಗ ಬೇರೆ ಡಾಕ್ಟರು, ವಯಸ್ಸು ಚಿಕ್ಕದು. ಅವರು ಕೆನ್ನೆಯನ್ನು ಒತ್ತಿನೋಡಿ ಹಲ್ಲು ತೆಗೆಯಬೇಕು ಎಂದರು. ಅಕ್ಕ ಮಗಳ ಮುಂದೆ ಬಂದು ನಿಂತಳು.

‘ಮೊದ್ಲು ಕಣ್ಣು ನೋಡ್ರಪ್ಪ. ಆಮೇಲೆ ಹಲ್ಲು.’

‘ಕಣ್ಣಿಗೇನಾಗಿದೆಯಮ್ಮ?’

‘ಏನೂ ಆಗಿಲ್ಲ ಅಂತ ನಿಮ್ ಬಾಯಿಂದ್ಲೇ ಹೇಳಿ. ಇವಳೂ ಕೇಳಿಸ್ಕೊಳ್ಲಿ’ ಎಂದು ನನ್ನ ಕಡೆ ಕೈ ತೋರಿಸಿದಳು.

ಅವರು ನಗಲು ಹೋಗಿ, ಅವಳ ಮುಖವನ್ನು ಸರಿಯಾಗಿ ನೋಡಿ, ನಗಲಿಲ್ಲ. ಹುಡುಗಿಯ ಎಡಗಣ್ಣು ಮುಚ್ಚಿಸಿ ಗೋಡೆಯ ಮೇಲಿನ ಹಲಗೆಯನ್ನು ಓದಿಸಿದರು. ಅವಳು ಊದಿದ ಬಾಯಿಂದ ಒಂದೊಂದೇ ಅಕ್ಷರ ಓದಿದಳು. ಅಕ್ಕನಿಗೆ ಓದಲು ಬಾರದು. ಸರಿಯಾಗಿ ಓದಿದಳೇ ಎಂದು ನನ್ನ ಮುಖ ನೋಡಿದಳು. ಸರಿ ಎಂದು ತಲೆಯಾಡಿಸಿದೆ. ನನ್ನ ಮಾತನ್ನು ನಂಬಬೇಕೋ ಬೇಡವೋ ಎಂದು ಅವಳು ತೂಗಿದ್ದು ನನಗೆ ಕಂಡಿತು. ಅನಂತರ ಪಕ್ಕಕ್ಕೆ ಸರಿದು ನಿಂತಳು.

ಹಲ್ಲು ಬಂತು. ಬಾಯಲ್ಲಿ ಹತ್ತಿಯಿದ್ದುದರಿಂದ ಹುಡುಗಿ ಓದುವಂತಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಅವಳನ್ನು ಕೂರಿಸಿ, ಅಕ್ಕ ಒಂದು ಅಂಗೈಯಿಂದ ಅವಳ ಎಡಗಣ್ಣನ್ನು ಮುಚ್ಚಿ, ಇನ್ನೊಂದು ಕೈಯ ಮೂರು ಬೆರಳು ಎತ್ತಿಹಿಡಿದಳು. ಹುಡುಗಿ ಮೂರು ಬೆರಳು ಎತ್ತಿದಳು. ಅಕ್ಕ ಒಂದು ಹಿಡಿದಳು. ಹುಡುಗಿ ಒಂದು ತೋರಿಸಿದಳು. ನಾಲ್ಕಕ್ಕೆ ನಾಲ್ಕು, ಎರಡಕ್ಕೆ ಎರಡು. ಕಣ್ಣಲ್ಲಿ ನೀರು ತುಂಬಿದ್ದಕ್ಕೋ ಏನೋ, ಒಮ್ಮೆ ಹುಡುಗಿ ತಡಮಾಡಿದಳು, ಆ ಕ್ಷಣದಲ್ಲಿ ಅಕ್ಕನ ಮುಖ ಕಂಗೆಟ್ಟ ರೀತಿಯನ್ನು ನಾನು ಬರೆಯಲಾರೆ. ನಮ್ಮ ಬಸ್ಸಿಗೆ ಹೊತ್ತಾಯಿತು ಎಂದೆ. ಅಕ್ಕ ಕೈಯಿಳಿಸಲಿಲ್ಲ.

‘ಇನ್ನೊಂದ್ಸಲ’ ಎಂದಳು, ಮಗಳಿಗೆ.